ಹೆದರದಿದ್ದರೆ ರೋಗ ಬರಲ್ವಾ? ಒಂದು ಸ್ಪಷ್ಟನೆ

"ರೋಗ ಹರಡೋದು ವೈರಸ್‌ನಿಂದಲ್ಲ, ಭಯದಿಂದ. ಧೈರ್ಯವಾಗಿದ್ದರೆ ಏನೂ ಆಗಲ್ಲ" ಅಂತ ಒಂದು ಸಂದೇಶ ಓಡಾಡುತ್ತಿದೆ. ಇದು ತಪ್ಪು. ಆದರೆ ಒಳಗೆ ಒಂಚೂರು ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 394 ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ ಇದ್ದ ಹನಿ ಹಾಕಿದರು. ಮಾನಸಿಕ ಒತ್ತಡ ತೀರಾ ಕಡಿಮೆ ಇದ್ದವರಲ್ಲಿ ಸುಮಾರು 27% ಜನಕ್ಕೆ ನೆಗಡಿಯಾಯಿತು, ತುಂಬಾ ಜಾಸ್ತಿ ಇದ್ದವರಲ್ಲಿ 47%. ಸಂದೇಶದವರು ಇಷ್ಟಕ್ಕೇ ಕುಣಿಯುತ್ತಾರೆ. ಆದರೆ ಆ ನಿರಾಳ ಗುಂಪಿನಲ್ಲೂ ಸುಮಾರು 74% ಜನಕ್ಕೆ ಸೋಂಕು ತಗುಲಿತ್ತು (ಸೋಂಕು ತಗುಲಿದವರೆಲ್ಲರಿಗೂ ನೆಗಡಿ ಕಾಣಿಸಿಕೊಳ್ಳಲಿಲ್ಲ ಅಷ್ಟೇ), ಅಂದರೆ ವೈರಸ್ ಯಾರ ಧೈರ್ಯವನ್ನೂ ಕೇಳಿಕೊಂಡು ಒಳಗೆ ಬರಲಿಲ್ಲ.

ಇನ್ನು ಧೈರ್ಯದ ಮಾತು. ನ್ಯೂಯಾರ್ಕ್‌ನಲ್ಲಿ ಅಡುಗೆ ಮಾಡುತ್ತಿದ್ದ ಮೇರಿ ಮ್ಯಾಲನ್‌ಗೆ ಟೈಫಾಯ್ಡ್‌ನ ಯಾವ ಲಕ್ಷಣವೂ ಇರಲಿಲ್ಲ, ಆದರೆ ಮೈಯೊಳಗೆ ಅದರ ರೋಗಾಣು ಇತ್ತು. ತನ್ನಿಂದ ರೋಗ ಹರಡುತ್ತಿದೆ ಅಂದರೆ ಆಕೆ ನಂಬಲೇ ಇಲ್ಲ. ಅಧಿಕಾರಿಗಳು ಆಕೆಯನ್ನು ಹಿಡಿದು ಪ್ರತ್ಯೇಕವಾಗಿ ಇರಿಸಿದ್ದರು. ಇನ್ನು ಅಡುಗೆ ಮಾಡಲ್ಲ ಅಂತ ಒಪ್ಪಿ ಬಿಡುಗಡೆಯಾದ ಮೇಲೂ ಬೇರೆ ಹೆಸರಿಟ್ಟುಕೊಂಡು ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆ ಸೇರಿದರು. 1915ರಲ್ಲಿ ಅಲ್ಲಿ 25 ಜನಕ್ಕೆ ಟೈಫಾಯ್ಡ್ ಬಂತು, ಇಬ್ಬರು ಸತ್ತರು. ಭಯ ಇಲ್ಲದಿದ್ದದ್ದೇ ಇಲ್ಲಿ ಮುಳುವಾಯಿತು, ಅಲ್ವಾ?

ಹಾಗಂತ ಭಯ ಒಳ್ಳೇದು ಅಂತಲೂ ಅಲ್ಲ. 2014ರ ಎಬೋಲಾ ಸಮಯದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಚಿಕಿತ್ಸಾ ಕೇಂದ್ರಕ್ಕೆ ಹೆದರಿ ಎಷ್ಟೋ ಮನೆಯವರು ರೋಗಿಗಳನ್ನು ಬಚ್ಚಿಟ್ಟರು, ಅವರ ಆರೈಕೆ ಮಾಡಿದವರಿಗೇ ಸೋಂಕು ತಗುಲಿತು. ಮನಸ್ಸು ಕೆಲಸ ಮಾಡೋದು ಮುಖ್ಯವಾಗಿ ಹೀಗೆ, ನಮ್ಮ ನಡವಳಿಕೆಯ ಮೂಲಕ. ಸುಮ್ನೆ ಧೈರ್ಯ ತಂದುಕೊಂಡರೆ ಸೋಂಕು ನಿಲ್ಲಲ್ಲ.