ಮೆಕೆಂಜಿಯ ಬಾಯಲ್ಲಿ ಸಿಕ್ಕಿಕೊಂಡ ಒಂದು ಅಕ್ಷರ

ನಿನ್ನೆ ಕುವೆಂಪುನಗರದಲ್ಲಿ ಒಂದು ಗೃಹಪ್ರವೇಶದ ಊಟ. ಹೋಳಿಗೆ ಚೆನ್ನಾಗಿತ್ತು, ಅದಕ್ಕೆ ತಕರಾರಿಲ್ಲ. ತಕರಾರು ಪಂಕ್ತಿಯಲ್ಲಿ ನನ್ನ ಎಡಕ್ಕೆ ಮೂರು ಎಲೆ ಆಚೆ ಕೂತಿದ್ದ ಹುಡುಗನ ಮೇಲೆ. ದೂರದ ನೆಂಟ, ಎಡಿನ್‌ಬರೋದಲ್ಲಿ ಮೂರು ವರ್ಷದಿಂದ ಕೆಲಸ. ಹೆಸರು ಬರೆಯಲ್ಲ, ಅವರಮ್ಮ ಇದನ್ನು ಓದುವವರ ಪಟ್ಟಿಯಲ್ಲೇ ಇದ್ದಾರೆ.

ನನ್ನ ಬಲಕ್ಕೆ ನಮ್ಮ ಹೈಸ್ಕೂಲಿನ ಮೇಷ್ಟ್ರು. ಎದುರು ಸಾಲಿನಲ್ಲಿದ್ದ ನಾಲ್ಕೈದು ಮಕ್ಕಳಿಗೆ ಕಥೆ ಶುರು ಮಾಡಿದ್ದರು. ಟಿಪ್ಪು ಹೋದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆಯೋಕೆ ಬಂದ ಒಬ್ಬ ಸಾಹೇಬ, ಅವನಿಗೆ ನಮ್ಮ ಭಾಷೆಗಳು ಬರ್ತಿರ್ಲಿಲ್ಲ, ಆದರೂ ಊರೂರಿನ ಶಾನುಭೋಗರ ಬಾಯಿಂದ ಕಥೆ ಬರೆಸಿಕೊಂಡ, ಹೇಗೆ ಗೊತ್ತೇನ್ರೋ? ಮಕ್ಕಳು ಹಪ್ಪಳ ಕಡಿಯೋದು ನಿಲ್ಲಿಸಿದ್ದವು. ಈಗಿನ ಮಕ್ಕಳು ಹಪ್ಪಳ ಬಿಟ್ಟು ಕಥೆ ಕೇಳೋದು ಸಣ್ಣ ಮಾತಲ್ಲ. "ಅವನ ಹೆಸರು ಮ್ಯಾಕಂಜಿ ಅಂತ" ಎಂದರು ಮೇಷ್ಟ್ರು.

ಆಗ ಬಂತು ನೋಡಿ. "ಅಂಕಲ್, ಕಂಜಿ ಅಲ್ಲ ಅದು. ಮೆಕೆನ್‌ಜ಼ಿ. ಜ಼ೀ, ಜ಼ೀ." ಹಲ್ಲಿನ ಸಂದಿಯಲ್ಲಿ ಜೇನುನೊಣ ಸಿಕ್ಕಿಕೊಂಡ ಹಾಗೆ ಎರಡು ಸಲ ಹೇಳಿ ತೋರಿಸಿದ. ಒಂದು ಮಗು "ಕಂಜಿನೋ ಗಂಜಿನೋ" ಅಂತು. ಎಲ್ಲ ನಕ್ಕರು. ಮೇಷ್ಟ್ರು "ಹೌದೇನಪ್ಪ, ಸರಿ" ಅಂದು ಸಾರಿಗೆ ಕೈ ಹಾಕಿದರು. ಕಥೆ ಅಲ್ಲಿಗೇ ನಿಂತಿತು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ, ಬ್ಯಾಂಕಿನಲ್ಲಿ ಮೂರು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೂ ಕೂರುತ್ತಿದ್ದವನು. ಎದ್ದು ಕೂತು ಆ ಹೆಸರಿನ ಜಾತಕ ತೆಗೆದೆ. ಈಗ ಕೇಳಿ.

ಆ "ಜ಼ೀ" ಇದೆಯಲ್ಲ, ಅದೇ ತಪ್ಪು. ಮೇಷ್ಟ್ರದಲ್ಲ. ಆ ಹೆಸರಿನಲ್ಲಿ ಹುಟ್ಟಿನಿಂದ ಜ಼ೀ ಇರಲೇ ಇಲ್ಲ.

ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಈ ಹೆಸರು "ಮ್ಯಾಕ್ ಕೊಇನ್ನಿಚ್" ಎಂಬಂಥ ಅಕ್ಷರಗಳಲ್ಲಿದೆ, ನುಡಿಯುವಾಗ ಬೇರೆಯದೇ. ಮ್ಯಾಕ್ ಎಂದರೆ ಮಗ. ಕೊಇನ್ನ್ಯಾಚ್ ಎಂಬುದು ಒಬ್ಬ ಗಂಡಸಿನ ಹೆಸರು. ಚೆಲುವ, ಲಕ್ಷಣವಂತ ಅನ್ನುವ ಅರ್ಥ. ಇಂಗ್ಲಿಷಿನವರು ಅದನ್ನೇ ಕೆನೆತ್ ಮಾಡಿಕೊಂಡರು. ಐರ್ಲೆಂಡಿನ ಕಿಲ್‌ಕೆನಿ ಊರಿನ ಹೆಸರಲ್ಲಿ ಇರುವ ಸಂತನೂ ಇದೇ ಹೆಸರಿನವನು. ಅಂದರೆ ಮೆಕೆಂಜಿ ಎಂದರೆ ಚೆಲುವಯ್ಯನ ಮಗ, ಅಷ್ಟೇ. ಗೇಲಿಕ್‌ನಲ್ಲಿ ಹೆಣ್ಣುಮಗಳಾದರೆ ಮ್ಯಾಕ್ ಹೋಗಿ "ನಿಕ್" ಬರುತ್ತದೆ, ಮಗಳು ಅಂತ. ಅಮೆರಿಕದವರು ಇತ್ತೀಚಿನ ದಶಕಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಮೆಕೆಂಜಿ ಎಂದೇ ಹೆಸರಿಟ್ಟುಬಿಟ್ಟರು. ಮಗಳ ತೊಟ್ಟಿಲ ಮುಂದೆ ಕೂತು ಅವಳ ಕಿವಿಯಲ್ಲಿ ಮೂರು ಸಲ "ಕೆನೆತನ ಮಗ, ಕೆನೆತನ ಮಗ" ಅಂದ ಹಾಗೆ. ಅವರನ್ನು ತಿದ್ದಲಿಕ್ಕೆ ನಮ್ಮ ಹುಡುಗ ಹೋಗಿಲ್ಲ, ಗಮನಿಸಿ.

ಸರಿ, ಜ಼ೀ ಎಲ್ಲಿಂದ ಬಂತು? ಹಳೇ ಸ್ಕಾಟ್ಸ್ ಬರವಣಿಗೆಯಲ್ಲಿ "ಯೋಖ್" ಅನ್ನುವ ಒಂದು ಅಕ್ಷರವಿತ್ತು. ನೋಡಲಿಕ್ಕೆ ನಮ್ಮ ೩ರ ಅಂಕಿಗೆ ಬಾಲ ಬಿಟ್ಟ ಹಾಗೆ. ಯಕಾರದ ಕೆಲಸ ಮಾಡುತ್ತಿತ್ತು. ನಕಾರದ ಪಕ್ಕ ಬಂದರೆ ಎರಡೂ ಸೇರಿ ಒಂದು ಮೂಗಿನ ಸದ್ದು. ಮೆಕೆಂಜಿಯ ನಡುವೆ ಇದ್ದದ್ದು ಈ ಜೋಡಿ. ಆಮೇಲೆ ಅಚ್ಚಿನ ಯಂತ್ರ ಬಂತು. ಎಡಿನ್‌ಬರೋದಲ್ಲಿ ಚೆಪ್ಮನ್ ಮತ್ತು ಮಿಲ್ಲರ್ ಎಂಬಿಬ್ಬರು 1508ರಲ್ಲಿ ಪುಸ್ತಕ ಅಚ್ಚು ಹಾಕಿದ್ದು ಸ್ಕಾಟ್ಲೆಂಡಿನ ಮುದ್ರಣದ ಶುರು. ಅಚ್ಚಿನ ಮೊಳೆಗಳೆಲ್ಲ ಯುರೋಪಿನ ಕಡೆಯ ಮಾದರಿಯವು. ಅದರಲ್ಲಿ ಯೋಖ್ ಎಲ್ಲಿಂದ ಬರಬೇಕು? ಇಂಗ್ಲೆಂಡಿನವರು ಅದರ ಜಾಗದಲ್ಲಿ ವೈ ಅಥವಾ ಜಿ-ಎಚ್ ಹಾಕಿಕೊಂಡರು. ಸ್ಕಾಟ್ಲೆಂಡಿನವರು ಮೊಳೆಪೆಟ್ಟಿಗೆಯಲ್ಲಿ ಹುಡುಕಿ, ಬಾಲವಿರುವ ಜ಼ೆಡ್ ಸುಮಾರಾಗಿ ಹಾಗೇ ಕಾಣುತ್ತದಲ್ಲ ಅಂತ ಅದನ್ನೇ ಕೂರಿಸಿದರು. ಹುಣಸೆಹಣ್ಣು ಇಲ್ಲ ಅಂತ ಖರ್ಜೂರ ಹಾಕಿ ಸಾರು ಮಾಡಿದ ಹಾಗೆ. ಬಣ್ಣ ಹೆಚ್ಚುಕಡಿಮೆ ಸರಿಹೋಯಿತು.

ಬಾಯಲ್ಲಿ ಮಾತ್ರ ಹಳೆಯದೇ ಉಳಿದಿತ್ತು. ಬರೆಯುವುದು ಜ಼ೆಡ್, ಅನ್ನುವುದು "ಮಕಿಂಙಿ". ಹೌದು, ಮಕಿಂಙಿ. ಆಮೇಲೆ ಬರಹ ನೋಡಿ ಓದುವವರು ಹೆಚ್ಚಾದರು, ಇಂಗ್ಲಿಷಿನವರ ಒಡನಾಟ ಬೆಳೆಯಿತು, ಜ಼ೆಡ್ ಗೆದ್ದಿತು. ಮೊಳೆ ಜೋಡಿಸುವವನ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಇರಲಿಲ್ಲ ಅನ್ನುವುದಕ್ಕೆ ಒಂದು ಕುಲದ ಕುಲವೇ ತಮ್ಮ ಹೆಸರನ್ನು ಬೇರೆ ಥರ ಕರೆದುಕೊಂಡಿತು. ಅದನ್ನು ಹಿಡಿದುಕೊಂಡು ಬಂದು ನಮ್ಮ ಮೇಷ್ಟ್ರಿಗೆ ಪಾಠ!

ಅದೇ ರೋಗ ಬಡಿದ ಇನ್ನೂ ಕೆಲವು ಹೆಸರುಗಳು ಬಗ್ಗಲಿಲ್ಲ. ಮೆಂಜೀಸ್ ಎಂದು ಬರೆಯುತ್ತಾರಲ್ಲ, ಬೆಂಗಳೂರು ವಿಮಾನ ನಿಲ್ದಾಣದ ಕಾರ್ಗೋ ಕಡೆ ಓಡಾಡಿದವರಿಗೆ ಬೋರ್ಡಿನ ಮೇಲೆ ನೋಡಿ ಗೊತ್ತಿರುತ್ತದೆ. ಅದನ್ನು ಸ್ಕಾಟ್ಲೆಂಡಿನ ಹಳಬರು ಅನ್ನುವುದು "ಮಿಂಙಿಸ್". ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ರಾಬರ್ಟ್ ಮೆಂಜೀಸ್‌ಗೆ ಮಿಂಗ್ ಅನ್ನೋ ಅಡ್ಡಹೆಸರು ಅಂಟಿದ್ದು ಅದಕ್ಕೇ. ಬ್ರಿಟನ್ನಿನ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕರಾಗಿದ್ದ ಮೆಂಜೀಸ್ ಕ್ಯಾಂಬೆಲ್ ಕೂಡ ಎಲ್ಲರ ಬಾಯಲ್ಲಿ ಮಿಂಗ್. ಇನ್ನು ಡಾಲ್‌ಜ಼ೀಲ್ ಅಂತ ಬರೆದದ್ದನ್ನು "ಡೀಯೆಲ್" ಎನ್ನಬೇಕು. ನಮ್ಮ ಹುಡುಗ ಅಲ್ಲಿಗೆ ವಾಪಸು ಹೋಗಿ ಯಾವುದೋ ಮುದುಕನ ಮುಂದೆ ಡಾಲ್ ಜ಼ೀಲ್ ಅನ್ನಲಿ ಅಂತ ನನಗೆ ಒಳಗೊಳಗೇ ಆಸೆ. ದೇವರು ಕ್ಷಮಿಸಲಿ.

ಒಂದು ಮಾತು ನೀವು ಹೇಳ್ತೀರಿ, ಗೊತ್ತು. "ಈಗ ಆ ಹೆಸರಿನವರೇ ಜ಼ೀ ಅಂತಾರಲ್ಲ ಸ್ವಾಮಿ, ಹೆಸರಿನ ಒಡೆಯರು ಹೇಳಿದ್ದೇ ಸರಿ." ಒಪ್ಪಿದೆ. ಪೂರ್ತಿ ಒಪ್ಪಿದೆ. ಹಾಗಾದರೆ ಲೆಕ್ಕ ಏನಾಯಿತು? ತಪ್ಪನ್ನು ಬಹಳ ಜನ ಬಹಳ ಕಾಲ ಹೇಳಿದರೆ ಅದು ಸರಿಯಾಗುತ್ತದೆ ಅಂತಾಯಿತು. ಎಷ್ಟು ವರ್ಷ ಬೇಕು ಹೇಳಿ. ನಾವು 200 ವರ್ಷದಿಂದ ಮೆಕೆಂಜಿ, ಮ್ಯಾಕಂಜಿ ಅಂತಿದ್ದೇವೆ, ಸಾಲದೆ? ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಮಾಡಿದವರಿಗೆ, ಮಡಿಕೇರಿಯನ್ನು ಮರ್ಕಾರ ಮಾಡಿದವರಿಗೆ ಯಾವ ಪಂಕ್ತಿಯಲ್ಲಿ ಯಾರು ಜ಼ೀ ಜ಼ೀ ಅಂತ ತಿದ್ದಿದ್ದರು? ಅವರು ತಪ್ಪು ಹೇಳಿದರೆ ನಕ್ಷೆ, ನಾವು ತಪ್ಪು ಹೇಳಿದರೆ ನಗೆ.

ಆಯಿತು, ಸಿಟ್ಟು ಸ್ವಲ್ಪ ಇಳಿಸುತ್ತೇನೆ. ಆ ಹೆಸರು ಎಷ್ಟು ಹಬ್ಬಿದೆ ಅನ್ನುವುದೂ ಚೆನ್ನಾಗಿದೆ. ಮೂಲ ನೆಲೆ ಸ್ಕಾಟ್ಲೆಂಡಿನ ಉತ್ತರದ ರಾಸ್ ಸೀಮೆ, ಕಿನ್‌ಟೇಲ್ ಕಡೆಯ ಬೆಟ್ಟಗಳು. ಕುಲದ ಗುರುತು ಜಿಂಕೆಯ ತಲೆ, ಮುಖ್ಯಸ್ಥನನ್ನು ಕರೆಯುವುದೇ "ಜಿಂಕೆಕೊಂಬು" ಅಂತ. 1610ರಲ್ಲಿ ಲೂಯಿಸ್ ದ್ವೀಪವೂ ಈ ಕುಲದ ಕೈಗೆ ಬಂತು. ಈ ಹೆಸರಿನವರೆಲ್ಲ ಒಬ್ಬ ಅಜ್ಜನ ಮೊಮ್ಮಕ್ಕಳು ಅಂದುಕೊಳ್ಳಬೇಡಿ; ಒಡೆಯನ ಜಮೀನಿನಲ್ಲಿ ಗೇಯುವವರೂ ಆಸರೆ ಬೇಡಿ ಬಂದವರೂ ಒಡೆಯನ ಹೆಸರನ್ನೇ ಇಟ್ಟುಕೊಂಡದ್ದುಂಟು. ಹೀಗಾಗಿ ಒಂದೇ ಊರಲ್ಲಿ ಮನೆಮನೆಗೂ ಮೆಕೆಂಜಿ, ಮುಂದಿನ ಹೆಸರೂ ಅವೇ ನಾಲ್ಕೈದು. ಯಾರು ಯಾರೆಂದು ತಿಳಿಯಲು ದ್ವೀಪದವರಿಗೆ ಅಡ್ಡಹೆಸರೇ ಗತಿ. ನಮ್ಮೂರಲ್ಲಿ ಕೆರೆಕೋಡಿ ಸಿದ್ದೇಗೌಡ, ಹಿತ್ತಲಮನೆ ಸಿದ್ದೇಗೌಡ ಅಂತಿರಲಿಲ್ಲವೇ, ಹಾಗೆ. ಬಡತನಕ್ಕೆ, ಕುರಿ ಸಾಕಣೆಗೆಂದು ಒಕ್ಕಲೆಬ್ಬಿಸಿದ್ದಕ್ಕೆ, ಪಟ್ಟಾಳಕ್ಕೆ, ಕಂಪನಿ ಚಾಕರಿಗೆ ಜನ ಊರು ಬಿಟ್ಟರು. ಹೆಸರು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಕಡೆ ಹರಡಿತು. ಕೆನಡಾದ ಅತಿ ಉದ್ದದ ನದಿಯೇ ಮೆಕೆಂಜಿ. ಅದರ ಗುಂಟ ಹೋಗಿಬಂದ ಅಲೆಕ್ಸಾಂಡರ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟಾರ್ನವೇ ಎಂಬ ಬಂದರಿನಲ್ಲಿ.

ಅದೇ ಸ್ಟಾರ್ನವೇಯಲ್ಲಿ ಸುಮಾರು ಹತ್ತು ವರ್ಷ ಮೊದಲು ಹುಟ್ಟಿದವನು ಕಾಲಿನ್ ಮೆಕೆಂಜಿ. ಮೇಷ್ಟ್ರ ಕಥೆಯ ಸಾಹೇಬ. ಮೊದಲು ಊರಲ್ಲೇ ಸುಂಕದ ಕಚೇರಿಯಲ್ಲಿದ್ದ. 1783ರಲ್ಲಿ ಮದರಾಸಿಗೆ ಬಂದವನು ಮತ್ತೆ ಊರು ನೋಡಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಅಳೆಯುತ್ತಾ ಅಳೆಯುತ್ತಾ ಕೈಫಿಯತ್ತು ಅಂದರೆ ಊರೂರಿನ ಕಥೆ ಬರೆಸಿದ ದಾಖಲೆ, ಓಲೆಗರಿ, ನಾಣ್ಯ, 8,000ಕ್ಕೂ ಹೆಚ್ಚು ಶಾಸನಗಳ ಪ್ರತಿ, ಎಲ್ಲ ಕೂಡಿಹಾಕಿದ. 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಭಾಷೆ ಬಾರದ್ದನ್ನು ಅವನೇ ಒಪ್ಪಿಕೊಂಡಿದ್ದಾನೆ. ಓದಿದವರು, ಬರೆದವರು, ಊರವರನ್ನು ಮಾತಿಗೆಳೆದವರು ಕಾವಲಿ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮತ್ತೆ ನಮ್ಮ ಚಾಮರಾಜನಗರ ಕಡೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಥಾಮಸ್ ಹಿಕಿ 1816ರಲ್ಲಿ ಬರೆದ ಚಿತ್ರವೊಂದಿದೆ. ಕೆಂಪು ಕೋಟಿನ ಸಾಹೇಬ, ಸುತ್ತ ಮೂವರು ನಮ್ಮವರು, ಒಬ್ಬನ ಕೈಯಲ್ಲಿ ದೂರದರ್ಶಕ, ಒಬ್ಬನ ಕೈಯಲ್ಲಿ ಓಲೆಗರಿ, ದೂರದ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ಒಮ್ಮೆ ಹುಡುಕಿ ನೋಡಿ. ಸಾಹೇಬನ ಮುಖಕ್ಕಿಂತ ಆ ಮೂವರ ಮುಖ ನೋಡಿ.

ಧರ್ಮಯ್ಯ ಆ ಸಾಹೇಬನನ್ನು ಏನೆಂದು ಕರೆದಿರಬಹುದು? ಜ಼ೀ ಅಂತೂ ಅಂದಿರಲಾರ. ಕನ್ನಡದ ಬಾಯಿ ಏನು ಮಾಡುತ್ತದೋ ಅದನ್ನೇ ಮಾಡಿರಬೇಕು.

ಇಲ್ಲಿಗೆ ಬಂದಾಗ ರಾತ್ರಿ ಎರಡೂವರೆ. ಆಗ ಹೊಳೆಯಿತು. ಆ ಅಚ್ಚಿನ ಪೆಟ್ಟಿಗೆಯಲ್ಲಿ ಇಲ್ಲದ ಸದ್ದು ಯಾವುದು? ನಾಲಿಗೆಯ ಬೆನ್ನು ಅಂಗುಳಕ್ಕೆ ತಾಗಿ ಮೂಗಲ್ಲಿ ಬರುವುದು. ನಮ್ಮ ಞ! ಅದೇ ಮುಂದೆ ಗಂಟಲ ಕಡೆ ಜಾರಿ ಮಕಿಂಙಿ ಆದಾಗ ನಮ್ಮ ಙ! ಒಂದನೇ ಕ್ಲಾಸಿನ ಗೋಡೆಯ ಪಟದಲ್ಲಿ ಅ ಅರಸ, ಆ ಆನೆ ಅಂತೆಲ್ಲ ಚಿತ್ರ ಇದ್ದು, ಙ ಮತ್ತು ಞ ಎದುರಿಗೆ ಮಾತ್ರ ಬರೀ ಖಾಲಿ ಚೌಕ ಇರುತ್ತಿತ್ತಲ್ಲ, ಆ ಎರಡು ಕೆಲಸವಿಲ್ಲದ ಅಕ್ಷರಗಳು. ಸ್ಕಾಟ್ಲೆಂಡಿನವರಿಗೆ ಬೇಕಾಗಿದ್ದದ್ದು ನಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕೂತಿತ್ತು.

ಇನ್ನೂ ಒಂದಿದೆ. ಕನ್ನಡದಲ್ಲಿ ಜಕಾರದ ಹಿಂದೆ ಸೊನ್ನೆ ಬಂದರೆ ಅದರ ಸದ್ದೇನು? ನಕಾರ ಅಲ್ಲ, ಞಕಾರ. ಕಂಜಿ ಎಂದು ಮೆಲ್ಲಗೆ ಅಂದು ನೋಡಿ, ನಾಲಿಗೆ ಎಲ್ಲಿ ತಾಗುತ್ತದೆ. ಕಞ್ಜಿ. ಹುಡುಗನ ಮೆಕೆನ್‌ಜ಼ಿಯಲ್ಲಿ ಬರೀ ನ್ ಇತ್ತು. ಆ ಹೆಸರಿನ ಹಳೇ ಮೂಗಿನ ಸದ್ದು ನಿನ್ನೆ ಇಡೀ ಪಂಕ್ತಿಯಲ್ಲಿ ಇದ್ದದ್ದು ಒಬ್ಬರ ಬಾಯಲ್ಲಿ ಮಾತ್ರ. ಸಾರು ಕುಡಿಯುತ್ತಾ ಸುಮ್ಮನಾದವರ ಬಾಯಲ್ಲಿ.

ಇಷ್ಟು ಸಿಟ್ಟು ಯಾಕೆ ಅಂತ ಹೆಂಡತಿ ಕೇಳಿದಳು. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಪಿಯುಸಿಗೆ ಸೇರಿಸಲು ಅಪ್ಪ ನನ್ನ ಜೊತೆ ಕಾಲೇಜಿಗೆ ಬಂದಿದ್ದರು, ಆಫೀಸಿನ ಕಿಟಕಿಯಲ್ಲಿ ಬಗ್ಗಿ "ಜುವಾಲಜಿ ಸಿಗುತ್ತಾ ಸ್ವಾಮಿ" ಅಂತ ಕೇಳಿದರು. ನಾನು ಹಿಂದಿನಿಂದ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಜು ಅಲ್ಲಪ್ಪಾ, ಜ಼ೋ" ಅಂದೆ. ಅಪ್ಪ ತಿರುಗಿ ನೋಡಲಿಲ್ಲ. ಅವತ್ತಿನಿಂದ ನನ್ನ ಮುಂದೆ ಇಂಗ್ಲಿಷ್ ಪದ ಬಂದರೆ "ಅದೇ, ಅದು" ಅನ್ನುತ್ತಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ತಮ್ಮ ಕಾಯಿಲೆಯ ಹೆಸರನ್ನೂ "ಅದೇ, ಅದು" ಅಂದೇ ಹೇಳಿದರು.

ಅಷ್ಟಾಗಿಯೂ ನಿನ್ನೆ ಪಂಕ್ತಿಯಲ್ಲಿ "ಗಂಜಿನೋ" ಅಂದಾಗ ನಾನೂ ನಕ್ಕೆ. ಬಾಯಲ್ಲಿ ಹೋಳಿಗೆ ಇತ್ತು ಅನ್ನುವುದು ನೆಪ.

ಬೆಳಿಗ್ಗೆ ಏಳಕ್ಕೇ ಮೇಷ್ಟ್ರಿಗೆ ಫೋನ್ ಮಾಡಿ ಯೋಖ್, ಮೊಳೆಪೆಟ್ಟಿಗೆ, ಞ ಎಲ್ಲ ಒಂದೇ ಉಸಿರಿಗೆ ಒದರಿದೆ. ಅವರು ಪೂರ್ತಿ ಕೇಳಿ, "ಇದನ್ನ ನಿನ್ನೆ ಪಕ್ಕದಲ್ಲೇ ಕೂತಿದ್ದೆಯಲ್ಲ, ಆಗ ಹೇಳ್ಬಾರ್ದಿತ್ತೇನೋ" ಅಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು, "ಅಲ್ವೋ, ಸ್ಟಾರ್ನವೇ ಸ್ಟಾರ್ನವೇ ಅಂತಿದ್ದೀಯಲ್ಲ, ಆ ಊರಿನವರು ಗೇಲಿಕ್‌ನಲ್ಲಿ ಅದನ್ನ ಹಾಗೇ ಅಂತಾರೇನು?" ಎಂದು ಕೇಳಿದರು.

ಈಗ ಅದನ್ನು ಹುಡುಕುತ್ತಾ ಕೂತಿದ್ದೇನೆ.