ಮಿಲಿಟರಿಯಲ್ಲಿದ್ದವರ ನೆನಪು ಬರೆಯುವ ಮುನ್ನ ಅವರ ಟ್ರಂಕು ತೆಗೆಯಿರಿ

ಸೈನ್ಯದಿಂದ ರಿಟೈರ್ ಆಗಿ ಬಂದವರೊಬ್ಬರು ತೀರಿಕೊಂಡಾಗ ಮನೆಯವರು ಹಾಕುವ ನಾಲ್ಕು ಸಾಲು ಎಲ್ಲ ಕಡೆ ಒಂದೇ ಥರ ಇರುತ್ತದೆ. ವೀರ ಯೋಧ, ದೇಶಸೇವಕ, ಪ್ರೀತಿಯ ಪತಿ, ಮಮತೆಯ ತಂದೆ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ, ನನ್ನ ತಕರಾರು ಅದೇ. ಅವರು ಅಷ್ಟು ವರ್ಷ ಎಲ್ಲಿದ್ದರು, ಏನು ಕೆಲಸ ಮಾಡಿದರು, ಅಷ್ಟು ದೂರದಲ್ಲಿದ್ದುಕೊಂಡೇ ಸಂಸಾರ ಹೇಗೆ ತೂಗಿಸಿದರು ಅನ್ನುವುದಕ್ಕೆ ಮನೆಯ ಕಬ್ಬಿಣದ ಟ್ರಂಕಿನಲ್ಲೇ ಪುರಾವೆ ಇರುತ್ತದೆ.

ಮೊದಲು ಡಿಸ್ಚಾರ್ಜ್ ಬುಕ್, ಅಂದರೆ ಸೈನ್ಯದಿಂದ ಬಿಡುಗಡೆಯಾಗುವಾಗ ಕೊಡುವ ಪುಸ್ತಕ, ತೆಗೆಯಿರಿ. ಸರ್ವಿಸ್ ನಂಬರು, ರ್‍ಯಾಂಕು, ಟ್ರೇಡು (ಸೈನ್ಯದಲ್ಲಿ ಮಾಡುತ್ತಿದ್ದ ಕೆಲಸ), ಭರ್ತಿಯಾದ ದಿನ, ಬಿಡುಗಡೆಯಾದ ದಿನ, ಪದಕಗಳು ಅದರಲ್ಲಿರುತ್ತವೆ. ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಹಾಳೆ ಕಿತ್ತುಬರುತ್ತಿದೆ ಎಂದು ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಟೇಪಿನ ಗೋಂದು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ, ಲ್ಯಾಮಿನೇಷನ್ ಮಾಡಿದ್ದನ್ನು ಆಮೇಲೆ ಬಿಡಿಸಲಾಗುವುದಿಲ್ಲ.

ಆಮೇಲೆ ಪದಕಗಳು. ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ನಂಬರು, ರ್‍ಯಾಂಕು, ಹೆಸರು ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ಫೋಟೊಗೆ ಹೊಳೆಯಲಿ ಎಂದು ಹುಣಸೆಹಣ್ಣು, ಬ್ರಾಸೋ ಹಾಕಿ ಉಜ್ಜುವವರಿದ್ದಾರೆ. ಮೊದಲು ಸವೆಯುವುದೇ ಆ ಅಕ್ಷರಗಳು. ಮೆತ್ತನೆಯ ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಉತ್ಪ್ರೇಕ್ಷೆಗೆ ಕಡಿವಾಣ ಹಾಕುವುದೂ ಈ ಪದಕಗಳೇ. 1971ರ ಪಾಕಿಸ್ತಾನ ಯುದ್ಧದ ಕಾಲಕ್ಕೆ ಸರ್ವಿಸ್‌ನಲ್ಲಿದ್ದರು ಎಂದ ಮಾತ್ರಕ್ಕೆ ಢಾಕಾಕ್ಕೆ ಹೋಗಿದ್ದರು ಎಂದು ಬರೆದುಬಿಡುತ್ತಾರೆ. ಪೂರ್ವಿ ಸ್ಟಾರ್ ಇದ್ದರೆ ಪೂರ್ವ ರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ ರಂಗ. ಸಂಗ್ರಾಮ್ ಮೆಡಲ್ ಮಾತ್ರ ಇದ್ದರೆ, ಆಗ ಸೇವೆಯಲ್ಲಿದ್ದರು ಅನ್ನುವುದಕ್ಕಿಂತ ಹೆಚ್ಚಿಗೆ ಹೇಳಬೇಡಿ. 1965ರ ಯುದ್ಧಕ್ಕೂ ಹಾಗೆಯೇ, ಸಮರ್ ಸೇವಾ ಸ್ಟಾರ್ ರಣರಂಗದ್ದು, ರಕ್ಷಾ ಮೆಡಲ್ ವ್ಯಾಪಕವಾಗಿ ಕೊಟ್ಟದ್ದು. ಸ್ವಾತಂತ್ರ್ಯದ 25ನೇ ವರ್ಷದ ಪದಕ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಸಂದದ್ದು, ಅದನ್ನು ಶೌರ್ಯ ಪದಕ ಎಂದು ಬರೆದರೆ ಜೊತೆಗಿದ್ದವರು ನಗುತ್ತಾರೆ. ಆನರರಿ (ಗೌರವಾರ್ಥ) ಕ್ಯಾಪ್ಟನ್ ಆಗಿದ್ದರೆ ‘ಆನರರಿ’ ಬಿಡಬೇಡಿ. ಸಿಪಾಯಿಯಾಗಿ ಸೇರಿದವರು ಅಲ್ಲಿಗೆ ಮುಟ್ಟುವುದು ಎಷ್ಟು ಅಪರೂಪ ಎಂದು ಬಲ್ಲವರಿಗೆ ಆ ಪದವೇ ದೊಡ್ಡದು.

ಟ್ರೇಡಿನ ವಿಷಯದಲ್ಲಿ ಮನೆಯವರಿಗೇಕೋ ಸಂಕೋಚ. ಅಡುಗೆಯವರಾಗಿದ್ದರು, ಡ್ರೈವರ್ ಆಗಿದ್ದರು, ಕ್ಲರ್ಕ್ ಆಗಿದ್ದರು ಎಂದು ಬರೆಯಲು ಹಿಂಜರಿದು ‘ಗಡಿ ಕಾಯ್ದರು’ ಎಂದು ಮುಗಿಸುತ್ತಾರೆ. ಹಿಮದ ರಸ್ತೆಯಲ್ಲಿ ಮೂರು ಟನ್ನಿನ ಲಾರಿ ಓಡಿಸುವುದು ಸಣ್ಣ ಕೆಲಸವೇ? ಟ್ರೇಡು ಬರೆದರೆ ಓದುವವರ ಕಣ್ಣಿಗೆ ಒಬ್ಬ ಮನುಷ್ಯ ಕಾಣುತ್ತಾನೆ. ಬರೆಯದಿದ್ದರೆ ಪೋಸ್ಟರ್ ಅಷ್ಟೇ.

ಇನ್ನು ‘ಪ್ರೀತಿಯ ಪತಿ, ಮಮತೆಯ ತಂದೆ’ ಅನ್ನುವ ಅರ್ಧ. ಕಷ್ಟದ್ದು ಇದೇ, ಹೆಚ್ಚು ಬೆಲೆಯುಳ್ಳದ್ದೂ ಇದೇ. ಒಂದು ದೊಡ್ಡ ಹಾಳೆಯಲ್ಲಿ ನಡುವೆ ಗೆರೆ ಎಳೆಯಿರಿ. ಎಡಕ್ಕೆ ವರ್ಷವಾರು ಪೋಸ್ಟಿಂಗ್, ಫೀಲ್ಡೋ (ಗಡಿಯಂಥ ಕಾರ್ಯಾಚರಣೆಯ ಜಾಗ) ಪೀಸ್ ಸ್ಟೇಷನ್ನೋ (ಶಾಂತ ಪ್ರದೇಶದ ಠಾಣೆ) ಎಂಬುದರ ಸಮೇತ. ಬಲಕ್ಕೆ ಮನೆಯ ಸಂಗತಿಗಳು: ಮದುವೆ, ಮಕ್ಕಳು ಹುಟ್ಟಿದ್ದು, ತಂದೆ ತಾಯಿ ತೀರಿದ್ದು, ಮನೆ ಕಟ್ಟಿದ್ದು, ಮಗಳ ಎಸ್‌ಎಸ್‌ಎಲ್‌ಸಿ. ಫೀಲ್ಡ್‌ನಲ್ಲಿ ಸಂಸಾರ ಇಟ್ಟುಕೊಳ್ಳುವ ಹಾಗಿಲ್ಲ, ಕ್ವಾರ್ಟರ್ಸ್ ಸಿಕ್ಕರೆ ಪೀಸ್‌ನಲ್ಲಿ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್, ಅದೂ ಮಂಜೂರಾದರೆ. ಎರಡೂ ಬದಿಯನ್ನು ಒಟ್ಟಿಗೆ ಓದಿದರೆ ಯಾವ ಹೆರಿಗೆಗೆ ಬಂದಿದ್ದರು, ಯಾವ ಸಾವಿಗೆ ಬರಲಾಗಲಿಲ್ಲ ಎಂಬುದು ತಾನಾಗಿ ಕಾಣುತ್ತದೆ. ‘ಸಂಸಾರವನ್ನು ತುಂಬಾ ಪ್ರೀತಿಸುತ್ತಿದ್ದರು’ ಎಂಬ ವಾಕ್ಯ ಅಲ್ಲಿಗೆ ಬೇಡವಾಗುತ್ತದೆ.

ಟ್ರಂಕಿನಲ್ಲಿ ಮನಿ ಆರ್ಡರ್ ಕೂಪನ್‌ಗಳಿದ್ದರೆ ಅದೃಷ್ಟ. ಹಣ ಪಡೆದವರ ಕೈಯಲ್ಲಿ ಉಳಿಯುತ್ತಿದ್ದ ಆ ಚೀಟಿಯಲ್ಲಿ ಎರಡು ಮೂರು ಸಾಲು ಬರೆಯಲು ಜಾಗ ಇರುತ್ತಿತ್ತು. ಫೀಸಿಗೆ ಇಷ್ಟು, ಸೊಸೈಟಿ ಸಾಲಕ್ಕೆ ಇಷ್ಟು, ಉಳಿದದ್ದು ನಿನ್ನ ಖರ್ಚಿಗೆ. ಮನೆಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಇನ್‌ಲ್ಯಾಂಡ್ ಪತ್ರಕ್ಕಿಂತ ಆ ಚೀಟಿಯಲ್ಲೇ ಯಜಮಾನ ಹೆಚ್ಚು ಸಿಗುತ್ತಾನೆ. ಪತ್ರಗಳಲ್ಲಿ ಊರು ಹುಡುಕಬೇಡಿ, ‘56 ಎಪಿಒ’ ಅಥವಾ ‘99 ಎಪಿಒ’ (ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ) ಎಂದಷ್ಟೇ ಇರುತ್ತದೆ. ಜಾಗ ಗುಟ್ಟಾಗಿರಲೆಂದೇ ಮಾಡಿದ ವಿಳಾಸ ಅದು. ಅಂಚೆ ಮುದ್ರೆಯ ತಾರೀಖು ಓದಿ, ಡಿಸ್ಚಾರ್ಜ್ ಬುಕ್ಕಿನೊಂದಿಗೆ ತಾಳೆ ನೋಡಿ.

ಬಲಗಡೆಯ ಪಟ್ಟಿಯನ್ನೆಲ್ಲ ನಿಭಾಯಿಸಿದ್ದು ಅವರ ಹೆಂಡತಿ, ಆದ್ದರಿಂದ ಅರ್ಧ ಬರಹ ಆಕೆಯದೇ. ಆಕೆಯನ್ನು ಕೇಳುವಾಗ ‘ಹೇಗಿದ್ದರು’ ಎಂದು ಕೇಳಬೇಡಿ, ‘ಒಳ್ಳೆಯವರು’ ಅನ್ನುವ ಉತ್ತರ ಬರುತ್ತದೆ. ರಜೆಗೆ ಬಂದ ಮಾರನೆಯ ದಿನ ಮೊದಲು ಏನು ರಿಪೇರಿ ಮಾಡುತ್ತಿದ್ದರು, ಸ್ಕೂಲಿನ ಫಾರಮ್ಮಿಗೆ ಸಹಿ ಯಾರದು, ಸಣ್ಣ ಮಗು ಅವರ ಗುರುತು ಹಿಡಿಯುತ್ತಿತ್ತೇ ಎಂದು ಕೇಳಿ.

ಪೆನ್ಶನ್ನಿಗೆ 15 ವರ್ಷ ಸೇವೆ ಸಾಕಾದ್ದರಿಂದ ಎಷ್ಟೋ ಜನ ನಲವತ್ತರೊಳಗೇ ಮನೆಗೆ ಬಂದಿರುತ್ತಾರೆ. ಮುಂದಿನ ಮೂವತ್ತು ನಲವತ್ತು ವರ್ಷ, ಅಂದರೆ ಬ್ಯಾಂಕಿನ ಸೆಕ್ಯುರಿಟಿ ಕೆಲಸ, ಜಮೀನು, ಬೆಳೆದ ಮಕ್ಕಳ ಜೊತೆಗಿನ ಹಗ್ಗಜಗ್ಗಾಟ, ಶ್ರದ್ಧಾಂಜಲಿಯಲ್ಲಿ ಒಂದು ಸಾಲಾಗುತ್ತದೆ. ನಿಜವಾಗಿ ಮನೆಯವರು ನೋಡಿದ್ದು ಈ ಭಾಗವನ್ನೇ. ಶಿಸ್ತು ಅಂತ ಬರೆಯುವಾಗ ಸಿಟ್ಟನ್ನೂ ಬರೆಯಿರಿ, ಪರವಾಗಿಲ್ಲ.

ರಾಷ್ಟ್ರಧ್ವಜದ ಬಗ್ಗೆ ಒಂದು ಮಾತು. ಧ್ವಜ ಸಂಹಿತೆಯ ಪ್ರಕಾರ ಪಾರ್ಥಿವ ಶರೀರಕ್ಕೆ ಧ್ವಜ ಹೊದಿಸುವುದು ಸರ್ಕಾರಿ, ಸೇನಾ, ಅರೆಸೇನಾ ಗೌರವದ ಅಂತ್ಯಕ್ರಿಯೆಗಳಲ್ಲಿ ಮಾತ್ರ. ಕೇಸರಿ ತಲೆಯ ಕಡೆಗೆ ಇರಬೇಕು, ಧ್ವಜ ಗುಂಡಿಗೆ ಇಳಿಯಕೂಡದು, ಚಿತೆಯಲ್ಲಿ ಸುಡಕೂಡದು. ಅಂಗಡಿಯಿಂದ ತಂದು ಮನೆಯವರೇ ಹೊದಿಸುವುದು ಗೌರವವಾಗುವುದಿಲ್ಲ.

ಬರೆದು ಮುಗಿದ ಮೇಲೆ ಅದೇ ಯೂನಿಟ್ಟಿನ ಯಾರಾದರೂ ಇದ್ದರೆ ಒಮ್ಮೆ ಓದಿ ಹೇಳಿ. ಹಳೆಯ ಗ್ರೂಪ್ ಫೋಟೊ ಎದುರಿಗಿಟ್ಟರೆ ಹೆಸರುಗಳೂ ಬರುತ್ತವೆ, ಎಡದಿಂದ ಬಲಕ್ಕೆ ಪೆನ್ಸಿಲ್‌ನಲ್ಲಿ ಹಿಂಬದಿಗೆ ಬರೆದಿಡಿ, ಪೆನ್ನಿನ ಇಂಕು ಮುಂದಕ್ಕೆ ಒಸರುತ್ತದೆ. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪೆನ್ಶನ್ ಪಾವತಿ ಆದೇಶ) ಅಸಲು ಪ್ರತಿಗಳನ್ನು ಮಾತ್ರ ಯಾರಿಗೂ ಕೊಡದೆ ತಾಯಿಯ ಹತ್ತಿರವೇ ಇಡಿ, ಫ್ಯಾಮಿಲಿ ಪೆನ್ಶನ್ ಕೆಲಸ ಮುಗಿಯುವವರೆಗೆ ಅವು ಬೇಕಾಗುತ್ತಲೇ ಇರುತ್ತವೆ.