ಭಾವನವರ ಟಚ್ ವುಡ್

ಪೆರ್ಲದ ಭಾವನವರು ಬಂದರೆಂದರೆ ನಮ್ಮ ಮನೆಯ ಬಾಗಿಲುಗಳಿಗೆ ಬಿಡುವಿಲ್ಲ. ಬಾಯಿಂದ ಒಂದು ಒಳ್ಳೆಯ ಮಾತು ಹೊರಟಿತೋ, ‘ಟಚ್ ವುಡ್’ ಎಂದು ಹತ್ತಿರದ ಮರವನ್ನು ತಟ್ಟದೆ ಅವರಿಗೆ ಸಮಾಧಾನವಿಲ್ಲ. ಹೇಳಿದ ಒಳಿತು ಹೇಳಿದ್ದರಿಂದಲೇ ಕೆಡದಿರಲಿ ಎಂಬುದು ಈ ಮಾತಿನ ಆಶಯ. ಬ್ರಿಟಿಷರು ಮರ ಮುಟ್ಟುತ್ತಾರೆ, ಅಮೆರಿಕನ್ನರು ‘ನಾಕ್ ಆನ್ ವುಡ್’ ಎಂದು ತಟ್ಟುತ್ತಾರೆ. ಭಾವನವರು ಬ್ರಿಟಿಷರ ಹಾಗೆ ಹೇಳಿ ಅಮೆರಿಕನ್ನರ ಹಾಗೆ ತಟ್ಟುತ್ತಾರೆ.

ಮೊನ್ನೆ ಭಾನುವಾರ ಊಟದ ಕೋಣೆಯಲ್ಲಿ ಕುಳಿತು, ಎರಡು ಸಲ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿದ್ದರಿಂದ ಅಡಕೆ ತೋಟಕ್ಕೆ ಕೊಳೆರೋಗ ಬಂದಿಲ್ಲವೆಂದು ಹೇಳಿದವರೇ ಮರಕ್ಕಾಗಿ ಸುತ್ತ ನೋಡಿದರು. ಕುರ್ಚಿ ಪ್ಲಾಸ್ಟಿಕ್ಕು, ಮೇಜು ಗಾಜು, ಕಿಟಕಿ ಅಲ್ಯೂಮಿನಿಯಂ. ಉಳಿದದ್ದು ಬಚ್ಚಲುಮನೆಯ ಬಾಗಿಲು. ಎದ್ದು ಹೋಗಿ ಮೂರು ಸಲ ತಟ್ಟಿದರು. ಒಳಗಿದ್ದ ಅಪ್ಪ, ‘ಬಂದೆ’ ಎಂದರು. ಭಾವನವರಿಗೆ ಅದು ಕೇಳಿಸಲಿಲ್ಲ. ಅಲ್ಲೇ ನಿಂತು ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ ಎಂದು ತಟ್ಟಿದರು. ಮಗಳಿಗೆ ಕೆಲಸ ಖಾಯಂ ಆಯಿತೆಂದು ಮತ್ತೆ ತಟ್ಟಿದರು. ಕೊನೆಗೆ ಅಪ್ಪ, ಕಿವಿಯ ಹಿಂದೆ ಸೋಪಿನ ನೊರೆ ಇರುವಂತೆಯೇ ಪಂಚೆ ಸುತ್ತಿಕೊಂಡು ಹೊರಬಂದು, ‘ಯಾರಿಗೆ ಇಷ್ಟು ಅವಸರ?’ ಎಂದು ನನ್ನನ್ನು ದುರುಗುಟ್ಟಿ ನೋಡಿದರು. ಕೊಳೆರೋಗ ತಡೆದ ಮೈಲುತುತ್ತಿಗೂ ಸುಣ್ಣಕ್ಕೂ ಸಲ್ಲಬೇಕಾದ ಕೀರ್ತಿ ಬಚ್ಚಲಿನ ಬಾಗಿಲಿಗೆ ಹೋಯಿತು, ಬೈಗುಳ ನನಗೆ ಬಂತು.

ಮರದಲ್ಲಿ ದೇವತೆಗಳಿವೆಯೆಂಬ ಪುರಾತನ ನಂಬಿಕೆಯೇ ಇದರ ಮೂಲವೆಂದು ಭಾವನವರು ಗಂಭೀರವಾಗಿ ವಿವರಿಸುತ್ತಾರೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. 19ನೆಯ ಶತಮಾನದಲ್ಲಿ ಬ್ರಿಟನ್ನಿನ ಮಕ್ಕಳು ಆಡುತ್ತಿದ್ದ ಒಂದು ಮುಟ್ಟಾಟದಲ್ಲಿ ಮರ ಮುಟ್ಟಿ ನಿಂತವನನ್ನು ಔಟ್ ಮಾಡುವಂತಿರಲಿಲ್ಲ. ಅಲ್ಲಿಂದಲೇ ಇದು ಬಂದಿರಬೇಕೆಂದು ಜಾನಪದ ವಿದ್ವಾಂಸರು ಊಹಿಸಿದ್ದಾರೆ. ಅರುವತ್ತು ದಾಟಿದ ನಮ್ಮ ಭಾವನವರು ಆ ಆಟವನ್ನು ಇನ್ನೂ ಬಿಟ್ಟಿಲ್ಲ.

ಹಳೆಯ ಮನೆಯಲ್ಲಾದರೆ ಈ ಪಾಡಿರಲಿಲ್ಲ. ಹಲಸಿನ ಮರದ ಕಂಬಗಳು, ತೊಲೆಗಳು, ಅಟ್ಟದ ಹಲಗೆಗಳು, ಎತ್ತ ಕೈ ಚಾಚಿದರೂ ಮರವೇ. ಆದರೆ ಅಲ್ಲಿ ಯಾರೂ ಅದನ್ನು ತಟ್ಟುತ್ತಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಅಜ್ಜಿ ಕುಳಿತಲ್ಲೇ ನೆಲಕ್ಕೆ ಬೆರಳು ತಾಗಿಸಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದರು. ಅದರಿಂದ ಯಾರ ಸ್ನಾನಕ್ಕೂ ಭಂಗ ಬರುತ್ತಿರಲಿಲ್ಲ. ಆ ಕಂಬಗಳನ್ನು ಮಾರಿದ ದಿನ ಅವರು ಅಂಗಳಕ್ಕೇ ಬರಲಿಲ್ಲ.

ಈಗ ಭಾವನವರೂ ಹೊಸ ಮನೆ ಕಟ್ಟಿಸಿದ್ದಾರೆ. ಬಾಗಿಲು, ಕಿಟಕಿ, ದಾರಂದ ಎಲ್ಲವೂ ಉಕ್ಕಿನವು. ಮನೆ ಒಕ್ಕಲಿನ ಊಟ ಮುಗಿಸಿ, ‘ಇನ್ನು ಗೆದ್ದಲಿನ ಕಾಟವೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿದರು. ಆಮೇಲೆ ಕೊಡೆ ಬಿಡಿಸಿ, ಸುರಿಯುವ ಮಳೆಯಲ್ಲೇ ಅಂಗಳ ದಾಟಿ ಅಡಕೆ ಮರದ ಕಡೆಗೆ ನಡೆದರು.